ಉಪವಾಸದಮ್ಮನ ಕೊನೆಯ ಕಾಲು

ಖಿಯೋಸ್ ದ್ವೀಪ, ಮೇಲಿನ ಹಳ್ಳಿ
ಮಂಗಳವಾರ, ಮಾರ್ಚ್ ೩೦, ೧೯೭೧

ಪ್ರೀತಿಯ ಮಗಳು ಅಂಥಿಗೆ,

ಹೇಗಿದ್ದೀಯ ತಾಯಿ? ಬೆನ್ನುನೋವು ಕಡಿಮೆಯಾಯಿತೇ? ಇಡೀ ದಿನ ನಿಂತುಕೊಂಡೇ ರೇಡಿಯೋ ತಂತಿ ಬೆಸೆಯುವ ಕೆಲಸ ಎಂದು ಬರೆದಿದ್ದೆ, ಓದಿ ನನ್ನ ಕಾಲು ನೋಯತೊಡಗಿತು. ಸ್ಟುಟ್‌ಗಾರ್ಟಿನಲ್ಲಿ ಇನ್ನೂ ಹಿಮ ಬೀಳುತ್ತಿದೆ ಎಂದು ಪೋಸ್ಟಿನವನು ಹೇಳಿದ, ಅವನ ತಮ್ಮನೂ ಅಲ್ಲೇ ಇದ್ದಾನಲ್ಲ. ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಅಳಿಯಂದಿರು ಸಿಗರೇಟು ಕಡಿಮೆ ಮಾಡಿದರೇ? ನಾನು ಕೇಳಿದೆ ಎಂದು ಹೇಳಬೇಡ, ಆದರೆ ಕೇಳು. ನಿಮ್ಮಪ್ಪ ಚೆನ್ನಾಗಿದ್ದಾರೆ. ಮೊಣಕಾಲು ಮಾತ್ರ ಸತಾಯಿಸುತ್ತಿದೆ. ಜನ್ಮದಲ್ಲಿ ಯಾರ ಮಾತೂ ಕೇಳದ ಮನುಷ್ಯ ಈಗ ಮೊಣಕಾಲು ಹೇಳಿದಲ್ಲಿ ಕೂರುತ್ತಾರೆ, ಹೇಳಿದಾಗ ಏಳುತ್ತಾರೆ. ನಿನ್ನ ಮಕ್ಕಳಿಬ್ಬರೂ ಆರೋಗ್ಯವಾಗಿದ್ದಾರೆ. ಲಾಂಬ್ರೋಸನ ಪ್ಯಾಂಟೆಲ್ಲ ಮತ್ತೆ ಗಿಡ್ಡವಾಗಿದೆ. ಫಾನಿಯ ಮುಂದಿನ ಹಲ್ಲು ಅಲ್ಲಾಡುತ್ತಿದೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ, ನನಗೊಬ್ಬಳಿಗೇ ಬಾಯಿ ತೆರೆದು ತೋರಿಸುತ್ತಾಳೆ.

"ಈಸ್ಟರಿಗೆ ಬರುತ್ತೇವೆ, ಕೊನೆಗೂ ಎರಡು ಕೋಣೆಯ ಮನೆ ಸಿಕ್ಕಿತು, ಈ ಸಲ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗುತ್ತೇವೆ, ಅವರಿಗೆ ನೀನೇ ನಿಧಾನವಾಗಿ ಹೇಳಿಡು" ಎಂದು ಬರೆದಿದ್ದ ನಿನ್ನ ಪತ್ರ ಉಪವಾಸ ಶುರುವಾಗುವುದಕ್ಕೆ ಎರಡು ದಿನ ಮುಂಚೆ ಕೈಸೇರಿತು. ನಿಧಾನವಾಗಿ ಹೇಳುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಸೋಮವಾರ ಹೇಗೂ ಮಕ್ಕಳನ್ನು ಕೂರಿಸಿಕೊಂಡು ಉಪವಾಸದಮ್ಮನನ್ನು ಮಾಡುವುದಿತ್ತು. ಕೈಯಲ್ಲಿ ಹಿಟ್ಟಿರುವಾಗ ಎಂಥ ಮಾತೂ ಹಗುರವಾಗುತ್ತದೆ ಅಂದುಕೊಂಡೆ. ಅಲ್ಲೇ ನಾನು ಕೆಟ್ಟೆ.

ನೀನು ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆಯೇ ಮಾಡಿದೆವು. ಮೈದಾಹಿಟ್ಟು, ಉಪ್ಪು, ನೀರು, ಅಷ್ಟೇ. ತಲೆಗೆ ಶಿಲುಬೆ, ಎದೆಯ ಮೇಲೆ ಕಟ್ಟಿದ ಕೈ, ಕಣ್ಣಿಗೆ ಲವಂಗ, ಲಂಗದ ಕೆಳಗೆ ಸಾಲಾಗಿ, ಈಸ್ಟರ್‌ವರೆಗಿನ ಉಪವಾಸದ ಏಳು ವಾರಕ್ಕೆ ಏಳು ಕಾಲು. ನೀನೊಮ್ಮೆ ಅವಳಿಗೆ ಕೆಂಪು ಬಾಯಿ ಮಾಡಿ ನಿನ್ನ ಅಜ್ಜಿಯ ಕೈಯಲ್ಲಿ ಬೈಸಿಕೊಂಡಿದ್ದು ನೆನಪಿದೆಯೇ? "ಉಪವಾಸ ಇರೋಳಿಗೆ ಬಾಯಿ ಯಾಕೇ? ನಿನ್ನ ಹಾಗೆ ಕದ್ದು ಗಿಣ್ಣು ತಿನ್ನೋಕಾ?" ಲಾಂಬ್ರೋಸ್ ಕಾಲುಗಳನ್ನು ಹೊಸೆದ, ಫಾನಿ ಕೈಬೆರಳು ಮಾಡಿದಳು. ಒಂದು ಕೈಗೆ ಆರು ಬೆರಳಾಯಿತು, ಇರಲಿ ಎಂದು ಬಿಟ್ಟೆವು. ಅಂಗಳದ ಭಟ್ಟಿಯಲ್ಲಿ ರೊಟ್ಟಿ ತೆಗೆದ ಮೇಲೆ ಉಳಿದ ಶಾಖಕ್ಕೆ ಅವಳನ್ನು ಇಟ್ಟು, ಬಾಗಿಲು ಮುಚ್ಚಿ, ನಾನು ಬಾಯಿ ತೆರೆದೆ. ವಾರಕ್ಕೊಂದು ಕಾಲು ಕತ್ತರಿಸುತ್ತಾ ಹೋಗೋಣ, ಏಳನೇ ಕಾಲು ಕತ್ತರಿಸುವಾಗ ಅಮ್ಮ ಅಪ್ಪ ಬಂದಿರುತ್ತಾರೆ ಅಂದೆ. ಲಾಂಬ್ರೋಸ್ ಹಿಟ್ಟಿನ ಕೈಯಲ್ಲೇ ಅಂಗಳವೆಲ್ಲ ಕುಣಿದ. ಅವನಿಗಿಟ್ಟದ್ದೇ ಈಸ್ಟರಿನ ಹೆಸರು, ಅಂದು ಅವನ ಹೆಸರಿನ ಹಬ್ಬವೂ ಹೌದಲ್ಲ, ಎರಡು ಹಬ್ಬ ಒಟ್ಟಿಗೆ ಬಂದ ಹಾಗಾಯಿತು. ಫಾನಿ ಮಾತ್ರ "ಬಂದು?" ಅಂದಳು. ಬಂದು ನಿಮ್ಮಿಬ್ಬರನ್ನೂ ಕರಕೊಂಡು ಹೋಗ್ತಾರೆ ಅಂದೆ. "ನೀನೂ ಬರ್ತೀಯಾ ಅಮ್ಮಾ?" ಅಂದಳು. ಇಲ್ಲ ಕಂದಾ, ನಾನಿಲ್ಲೇ ಇರ್ತೀನಿ ಅಂದೆ. ಅವಳು ಅಳಲಿಲ್ಲ. ಉಗುರಿನ ಸಂದಿನ ಹಿಟ್ಟನ್ನು ಒಂದೊಂದಾಗಿ ಕಿತ್ತುಹಾಕುತ್ತಾ ಕುಳಿತಳು. ಅತ್ತಿದ್ದರೆ ಚೆನ್ನಾಗಿತ್ತು, ಸಮಾಧಾನ ಮಾಡುವುದಾದರೂ ನನಗೆ ಗೊತ್ತು.

ಅವಳು ನನ್ನನ್ನು ಅಮ್ಮ ಅನ್ನುತ್ತಾಳೆಂದು ನಿನಗೆ ಗೊತ್ತು. ನಿನ್ನನ್ನು ಫೋಟೋದಮ್ಮ ಅನ್ನುತ್ತಾಳೆ. ನಾನು ತಿದ್ದುತ್ತೇನೆ, ಆಣೆ ಮಾಡಿ ಹೇಳುತ್ತೇನೆ, ದಿನಕ್ಕೊಂದು ಸಲವಾದರೂ ತಿದ್ದುತ್ತೇನೆ. "ನಾನು ಅಜ್ಜಿ, ಫೋಟೋದಲ್ಲಿರೋಳು ಅಮ್ಮ" ಅಂದರೆ "ಹೂಂ ಅಮ್ಮಾ" ಅನ್ನುತ್ತಾಳೆ.

ಮೊದಲ ಶನಿವಾರ ಲಾಂಬ್ರೋಸ್ ಕತ್ತರಿ ಹಿಡಿದು ಬಂದ. ದೇವರ ಪಟದ ಮುಂದೆ ನಿಂತು ಮೊದಲ ಕಾಲು ಮುರಿದದ್ದಾಯಿತು. ಭಾನುವಾರ ಪೂಜೆ ಮುಗಿಸಿ ಬಂದು ನೋಡಿದರೆ ಉಪವಾಸದಮ್ಮನಿಗೆ ಮತ್ತೆ ಏಳು ಕಾಲು! ಪೂಜೆಯ ನಡುವೆ ಹೊಟ್ಟೆನೋವು ಎಂದು ತಾತನ ಜೊತೆ ಮನೆಗೆ ಬಂದಿದ್ದ ಫಾನಿ, ಹಿಟ್ಟನ್ನು ನೀರಲ್ಲಿ ಕಲಸಿ ಅಂಟಿಸಿಬಿಟ್ಟಿದ್ದಳು. ಪಾದ ಹಿಂದುಮುಂದಾಗಿತ್ತು. ನಾವು ದೊಡ್ಡವರಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಿಮ್ಮಪ್ಪನಂತೂ "ಜೆರುಸಲೇಮಿಗೆ ಹೊರಟೋಳು ವಾಪಸ್ ಮನೆಗೆ ಬರ್ತಿದಾಳೆ ನೋಡ್ರೋ" ಎಂದು ಕೆಮ್ಮು ಬರುವವರೆಗೆ ನಕ್ಕರು. ನಗದವರು ಮಕ್ಕಳಿಬ್ಬರೇ.

ಆಮೇಲೆ ನಗುವ ಹಾಗಿರಲಿಲ್ಲ. ಅವನು ಕತ್ತರಿಸುವುದು, ಅವಳು ಅಂಟಿಸುವುದು. ಸಿಟ್ಟಿಗೆ ಅವನು ವಾರದ ನಡುವೆ ಇನ್ನೊಂದನ್ನು ಮುರಿಯುವುದು, ಅವಳು ಬೇರೆ ಕಾಲನ್ನೇ ಮಾಡಿ ಒಲೆಯ ಪಕ್ಕ ಒಣಗಿಸಿಡುವುದು. ಇಷ್ಟು ಹಿಟ್ಟು ಎಲ್ಲಿಂದ ತಂದಳು ಎಂದು ಕೇಳುತ್ತೀಯ. ನಾನೇ ಕೊಟ್ಟೆ. ಪುಟ್ಟ ರೊಟ್ಟಿ ಮಾಡ್ತೀನಿ ಅಂದಳು, ಕೊಟ್ಟೆ. ರೊಟ್ಟಿ ಯಾವ ಆಕಾರದಲ್ಲಿದೆ ಎಂದು ನನ್ನ ಕಣ್ಣಿಗೆ ಕಾಣದೆ ಇರಲಿಲ್ಲ. ಒಂದು ಸಂಜೆ ಲಾಂಬ್ರೋಸ್ ಭಟ್ಟಿಯ ಹಿಂದೆ ಕುಳಿತು ಬಿಕ್ಕುತ್ತಿದ್ದ. ಏನಾಯಿತೋ ಎಂದರೆ, "ಅವಳು ಒಂದೊಂದು ಕಾಲು ಅಂಟಿಸಿದಾಗ್ಲೂ ಅಮ್ಮ ಕೂತಿರೋ ರೈಲು ಒಂದೊಂದ್ ಸ್ಟೇಷನ್ ಹಿಂದಕ್ಕೆ ಹೋಗುತ್ತೆ ಅಜ್ಜಿ" ಅಂದ. ಒಂಬತ್ತು ವರ್ಷದ ಹುಡುಗ, ಸ್ಟುಟ್‌ಗಾರ್ಟಿನಿಂದ ಹಡಗು ಹತ್ತುವ ಪಿರೇಯಸ್ ಬಂದರಿನವರೆಗಿನ ನಿಲ್ದಾಣಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದಾನೆ. ನಿನ್ನ ಮುಖ, ನಿನ್ನ ಹಾಡು, ನಿನ್ನ ಕೈಯ ವಾಸನೆ ಅವನಿಗೆ ನೆನಪಿದೆ. ಅವನನ್ನು ತಬ್ಬಿಕೊಂಡು ನಾನೂ ಅತ್ತೆ. ಅವನ ಪರ ಮಾತಾಡಿದರೆ ಅವಳಿಗೆ ದ್ರೋಹ, ಅವಳ ಪರ ನಿಂತರೆ ಅವನಿಗೆ. ನಿನಗೂ. ಇಷ್ಟು ವರ್ಷ ಬಾಳಿ, ಯುದ್ಧ, ಹಸಿವು ಎಲ್ಲ ಕಂಡು, ಎರಡು ಮಕ್ಕಳ ನಡುವೆ ಒಂದು ಹಿಟ್ಟಿನ ಬೊಂಬೆಗೆ ನ್ಯಾಯ ಹೇಳಲು ನನಗೆ ಆಗಲಿಲ್ಲ ಅಂಥಿ.

ನಿಮ್ಮಪ್ಪ ಇಬ್ಬರನ್ನೂ ಪಾದ್ರಿಗಳ ಹತ್ತಿರ ಎಳೆದುಕೊಂಡು ಹೋದರು. ಪಾದ್ರಿ ಗಡ್ಡ ನೀವಿಕೊಂಡು, ಕಾಲು ಕತ್ತರಿಸಿದರೂ ಅಷ್ಟೇ ಅಂಟಿಸಿದರೂ ಅಷ್ಟೇ ಮಕ್ಕಳೇ, ಈಸ್ಟರ್ ತನ್ನ ದಿನಕ್ಕೇ ಬರುತ್ತದೆ ಎಂದು ಬುದ್ಧಿ ಹೇಳಿದರಂತೆ. ಫಾನಿ "ಹಂಗಾದ್ರೆ ಯಾಕೆ ಕತ್ತರಿಸೋದು?" ಎಂದಳಂತೆ. ಪಾದ್ರಿ ಇಬ್ಬರಿಗೂ ಒಂದೊಂದು ಕಿತ್ತಳೆ ಕೊಟ್ಟು ಕಳಿಸಿದರು. "ನಿನ್ನ ಮೊಮ್ಮಗಳನ್ನ ಬಿಷಪ್ ಹತ್ರ ಕರಕೊಂಡ್ ಹೋಗ್ಬೇಕು, ಪಾದ್ರಿ ಸಾಕಾಗಲ್ಲ" ಎಂದು ನಿಮ್ಮಪ್ಪ ಬಂದು ಹೇಳಿದರು. ನಗಿಸಲು ಹೇಳಿದ್ದು. ಹೇಳಿ ಅವರೇ ಎದ್ದು ತೋಟಕ್ಕೆ ಹೋದರು, ಕತ್ತಲಾಗುವವರೆಗೆ ಬರಲಿಲ್ಲ.

ಬೊಂಬೆಯನ್ನು ಎತ್ತಿ ಬೀರುವಿನ ತಲೆಯ ಮೇಲಿಟ್ಟೆ. ಶನಿವಾರಗಳಂದು ಮಾತ್ರ ಕೆಳಗಿಳಿಸುವುದು, ಕತ್ತರಿ ನನ್ನ ಕೈಯಲ್ಲಿ, ಅಂಟಿಸುವುದು ಇಲ್ಲ ಎಂದು ಕಾನೂನು ಮಾಡಿದೆ. ಹಾಗೂ ಹೀಗೂ ಲೆಕ್ಕ ಸರಿಹೋಗಿ ಮೊನ್ನೆ ಶನಿವಾರಕ್ಕೆ ಮೂರು ಕಾಲು ಉಳಿದಿದ್ದವು. ಇನ್ನು ಸುಮ್ಮನಾದರು ಅಂದುಕೊಂಡೆ. ನಿನ್ನೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಒಳಗೆ ಏನೋ ಬಿದ್ದ ಸದ್ದಾಯಿತು. ಕುರ್ಚಿಯ ಮೇಲೆ ಕುರ್ಚಿ ಹಾಕಿ ಫಾನಿ ಹತ್ತಿದ್ದಾಳೆ, ಲಾಂಬ್ರೋಸ್ ಅವಳ ಕಾಲು ಹಿಡಿದು ಎಳೆದಿದ್ದಾನೆ, ಮಕ್ಕಳಿಗೆ ಏನೂ ಆಗಿಲ್ಲ, ಉಪವಾಸದಮ್ಮ ನೆಲದ ಮೇಲೆ ಮುಖ ಕೆಳಗಾಗಿ ಬಿದ್ದಿದ್ದಳು. ಮೂರು ಕಾಲೂ ಕಿತ್ತುಬಂದಿದ್ದವು. ಎರಡು ಸಿಕ್ಕಿದವು. ಮೂರನೆಯದು ಸಿಗಲಿಲ್ಲ. ಮಂಚದ ಕೆಳಗೆ, ಕಂಬಳಿಯ ಮಡಿಕೆಯಲ್ಲಿ, ಕಸದಲ್ಲಿ, ಎಲ್ಲ ಕಡೆ ಹುಡುಕಿದೆವು. ಕೊನೆಯ ಕಾಲನ್ನು ಒಣ ಅಂಜೂರದೊಳಗೆ ಬಚ್ಚಿಟ್ಟು ಈಸ್ಟರ್ ಊಟಕ್ಕೆ ಇಡಬೇಕಲ್ಲ, ಅದಿಲ್ಲದೆ ಹೇಗೆ? "ಕೊನೇ ಕಾಲು ಇಲ್ಲ ಅಂದ್ರೆ ಈಸ್ಟರ್ ಇಲ್ಲ" ಎಂದು ಫಾನಿ ಮೆಲ್ಲಗೆ ಹೇಳಿದಳು. ಲಾಂಬ್ರೋಸ್ ಅವಳ ಕೂದಲು ಹಿಡಿದು ಹೊಡೆದ. ನಿಮ್ಮಪ್ಪ ಅವನಿಗೆ ಹೊಡೆದರು, ನಾನು ನಿಮ್ಮಪ್ಪನಿಗೆ ಬೈದೆ, ಎಲ್ಲರೂ ಅತ್ತೆವು. "ಇನ್ನೊಂದು ಮಾಡು ಅಜ್ಜಿ, ಎರಡು ನಿಮಿಷದ ಕೆಲಸ" ಎಂದು ಹುಡುಗ ಗೋಗರೆಯುತ್ತಿದ್ದಾನೆ. ಹಿಟ್ಟು ಮುಗಿದಿದೆ, ಅಂಗಡಿಯವನು ತರಿಸಿಲ್ಲ ಎಂದು ಹೇಳಿದ್ದೇನೆ.

ಫಾನಿಯನ್ನು ಇನ್ನೊಂದು ವರ್ಷ ಬಿಟ್ಟುಹೋಗು ಎಂದು ನಿನಗೆ ಬರೆಯಲು ಎರಡು ಸಲ ಕುಳಿತೆ. ಬರೆದು ಹರಿದು ಹಾಕಿದೆ. ನೀನು ಹೊರಟ ದಿನ ನನ್ನ ಕಣ್ಣ ಮುಂದಿದೆ. ಆಗಸ್ಟ್ ತಿಂಗಳ ಬಿಸಿಲಲ್ಲಿ ಕೋಟು ಹಾಕಿಕೊಂಡು ಹಡಗು ಹತ್ತಿದೆ, ಎದೆಹಾಲು ಸೋರಿ ಒದ್ದೆಯಾದ ರವಿಕೆ ಯಾರಿಗೂ ಕಾಣಬಾರದೆಂದು. ಮಗು ನನ್ನ ತೋಳಲ್ಲಿ ನಿದ್ದೆ ಮಾಡುತ್ತಿತ್ತು. ಆಮೇಲೆ ಎರಡು ಸಲ ಬಂದೆ, ಎರಡೂ ಸಲ ಅವಳು ನನ್ನ ಲಂಗದ ಹಿಂದೆ ಅವಿತಳು, ನೀನು ನಗುತ್ತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವಳು ನಿನ್ನ ಮಗಳು. ನಾನು ಸಾಕಿದ್ದು ನಿನಗಾಗಿ. ಹೀಗೆಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಅವಳ ಜಡೆ ಹೆಣೆಯುವ ಹೊತ್ತಿಗೆ ಮರೆತುಹೋಗುತ್ತದೆ.

ಬಂದ ಮೇಲೆ ಏನು ಮಾಡಬೇಕೆಂದು ಹೇಳುತ್ತೇನೆ, ಕೇಳು. ಹಡಗಿಂದ ಇಳಿದವಳೇ ಅವಳನ್ನು ಎತ್ತಿಕೊಳ್ಳಬೇಡ. ಮೊದಲು ಲಾಂಬ್ರೋಸನನ್ನು ತಬ್ಬಿಕೋ, ಅವನು ಕಾದು ಸಣ್ಣಗಾಗಿದ್ದಾನೆ. ಅವಳ ಕಡೆ ನೋಡದ ಹಾಗೆ ಇರು, ಅವಳೇ ಮೆಲ್ಲಗೆ ಹತ್ತಿರ ಬರುತ್ತಾಳೆ, ಬೆಕ್ಕಿನ ಮರಿಯ ಸ್ವಭಾವ. ಈಸ್ಟರಿಗೆ ಮುಂಚಿನ ದೊಡ್ಡ ಗುರುವಾರ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುವಾಗ ನೀವಿಬ್ಬರೇ ಕೂತುಕೊಳ್ಳಿ, ನಾನು ತಲೆನೋವು ಎಂದು ಮಲಗುತ್ತೇನೆ. ಸಿಹಿರೊಟ್ಟಿಯ ಹಿಟ್ಟನ್ನು ಅವಳ ಕೈಯಲ್ಲಿ ಜಡೆ ಹೆಣೆಸು, ಅವಳಿಗೆ ಬರುತ್ತದೆ, ಮೂರು ಎಳೆಯದು ನಾನೇ ಕಲಿಸಿದ್ದೇನೆ. ಮಸ್ತಿಖಾ ಮರದ ಪರಿಮಳದ ಅಂಟನ್ನು ನಿಮ್ಮಪ್ಪ ಆಗಲೇ ಆರಿಸಿ ಡಬ್ಬಿಯಲ್ಲಿಟ್ಟಿದ್ದಾರೆ, ಜರ್ಮನಿಗೂ ಒಂದು ಡಬ್ಬಿ. ಅಲ್ಲಿ ಅವಳು ಅನ್ನ ಬಿಟ್ಟರೆ ಹಾಲಿಗೆ ಒಂದು ಚೂರು ಹಾಕಿ ಕಾಯಿಸು, ಆ ವಾಸನೆಗೆ ಕುಡಿಯುತ್ತಾಳೆ. ನೀನು ಕಳಿಸಿದ ಕಣ್ಣು ಮುಚ್ಚುವ ಗೊಂಬೆ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡ. ಹಾಳಾಗುತ್ತೆ ಎಂದು ತೆಗೆದಿಲ್ಲ ಅಷ್ಟೇ.

ಪ್ರಯಾಣದಲ್ಲಿ ಹುಷಾರು. ಉಪವಾಸವೆಂದು ರೈಲಿನಲ್ಲಿ ಹೊಟ್ಟೆಗೆ ಏನೂ ತಿನ್ನದೆ ಬರಬೇಡ, ದಾರಿಯವರಿಗೆ ದೇವರ ರಿಯಾಯಿತಿ ಇದೆ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ. ನಿನ್ನ ಪಕ್ಕದ ಮನೆಯ ಆ ತುರ್ಕಿ ಹೆಂಗಸಿಗೂ ನಮಸ್ಕಾರ ಹೇಳು, ನಿನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳಿಗೆ. ದೇವಮಾತೆ ನಿನ್ನನ್ನು ತನ್ನ ಸೆರಗಿನಲ್ಲಿಟ್ಟು ಕರೆತರಲಿ.

ನಿನ್ನನ್ನು ಕಣ್ತುಂಬ ನೋಡಲು ಕಾದಿರುವ
ನಿನ್ನ ಅಮ್ಮ
ಮಾರ್ಕೆಲ್ಲಾ

ಮತ್ತೆ: ಪೋಸ್ಟಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಆ ಕಾಲು ಕಳೆದಿಲ್ಲ. ನನ್ನ ಏಪ್ರನ್ನಿನ ಜೇಬಿನಲ್ಲಿದೆ. ಎಲ್ಲರೂ ಹುಡುಕುತ್ತಿದ್ದಾಗ ಫಾನಿ ಬಂದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, "ನೀನಿಟ್ಕೋ ಅಮ್ಮಾ. ಯಾರ್ ಕೇಳಿದ್ರೂ ಕೊಡ್ಬೇಡ. ನೀನ್ ಕೊಡಲ್ಲ ಅಂತ ನಂಗೊತ್ತು" ಅಂದಳು. ನಾನು ಹೂಂ ಅಂದುಬಿಟ್ಟೆ. ಕೊಟ್ಟ ಮಾತು ಮುರಿಯಲು ನನ್ನ ಕೈಯಲ್ಲಿ ಆಗುವುದಿಲ್ಲ ಅಂಥಿ. ಊರವರು ನಕ್ಕರೂ ಸರಿ, ಬಂದರಿಗೆ ಏಪ್ರನ್ ಕಟ್ಟಿಕೊಂಡೇ ಬರುತ್ತೇನೆ. ಬಲಗಡೆಯ ಜೇಬು. ನೀನೇ ತೆಗೆದುಕೋ, ನಾನು ಸಮುದ್ರದ ಕಡೆ ನೋಡುತ್ತಿರುತ್ತೇನೆ.