ದೀಪದ ಕಂಬಕ್ಕೆ ಏರಿದ ಕೋಟು

ಡಾರ್ಬಿ ಫೋರ್ಕ್, ಪಶ್ಚಿಮ ವರ್ಜೀನಿಯಾ
ಬುಧವಾರ, ನವೆಂಬರ್ ೨೫, ೧೯೩೬

ಪ್ರೀತಿಯ ಅಮ್ಮಾ,

ಮೊದಲು ನನ್ನ ಅಕ್ಷರಗಳನ್ನು ಕ್ಷಮಿಸಿಬಿಡು. ನೆಲ್ಲೊ ಬರೆದರೆ ಸಾಲುಗಳು ರೈಲು ಹಳಿಯ ಹಾಗೆ ನೇರ ಹೋಗುತ್ತವೆ. ನನ್ನವು ಅಂಗಳಕ್ಕೆ ಬಿಟ್ಟ ಕೋಳಿಗಳ ಹಾಗೆ ಎತ್ತೆತ್ತಲೋ ಚದುರುತ್ತವೆ. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಸೂಜಿ ಹಿಡಿದ ಹಾಗೆ ಪೆನ್ನು ಹಿಡಿಯಲು ಬರುವುದಿಲ್ಲ. ತಪ್ಪು ಕಂಡರೆ ಪಕ್ಕದ ಹಾಸಿಗೆಯವರಿಗೆ ತೋರಿಸಬೇಡ, ನೀನೊಬ್ಬಳೇ ನಗು. ಪ್ರತಿ ವಾರದ ಹಾಗೆ ನೆಲ್ಲೊನೇ ಬರೆಯಬೇಕಿತ್ತು. ಆದರೆ ಈ ವಾರದ ಸುದ್ದಿಯೆಲ್ಲ ಅವನದೇ. 'ನನ್ನ ವಿಷಯ ನಾನೇ ಹೆಂಗೆ ಬರೀಲಿ? ನೀನೇ ಬರಿ ಅಕ್ಕಾ' ಎಂದು ಪೆನ್ನನ್ನು ನನ್ನ ಕೈಗೆ ತುರುಕಿ ಓಡಿಹೋದ.

ನಿನ್ನ ಕೆಮ್ಮು ಹೇಗಿದೆ? ಈ ಚಳಿಯಲ್ಲೂ ಹಗಲೆಲ್ಲ ಮಹಡಿಯ ಬಾಲ್ಕನಿಯಲ್ಲೇ ಮಲಗಿಸುತ್ತಾರಾ? ಶ್ವಾಸಕೋಶಕ್ಕೆ ತಣ್ಣನೆಯ ಗಾಳಿ ಒಳ್ಳೆಯದೆಂದು ಡಾಕ್ಟರು ಹೇಳುತ್ತಾರೆ, ಸರಿ, ಕಾಲಿಗೂ ಒಳ್ಳೆಯದೆಂದು ಯಾರೂ ಹೇಳಿಲ್ಲ. ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೋ. ಹಸಿಮೊಟ್ಟೆ ಬೆರೆಸಿದ ಹಾಲನ್ನು ಮೂಗು ಮುಚ್ಚಿಕೊಂಡಾದರೂ ಕುಡಿ. ಚಿಕ್ಕವಳಿದ್ದಾಗ ನನಗೆ ಹರಳೆಣ್ಣೆ ಕುಡಿಸುತ್ತಾ ನೀನು ಹೇಳುತ್ತಿದ್ದೆಯಲ್ಲ, 'ನಾಲಿಗೆಗೆ ಗೊತ್ತಾಗೋ ಮುಂಚೆ ಗಂಟಲು ದಾಟಿಸಿಬಿಡು' ಎಂದು, ಹಾಗೆ. ಅಪ್ಪ ಚೆನ್ನಾಗಿದ್ದಾರೆ. ಗಣಿಯಲ್ಲಿ ಈ ತಿಂಗಳು ಕೆಲಸ ತಪ್ಪಿಲ್ಲ. ನಿನ್ನ ತಮ್ಮ ಗಾಸ್ಪಾರೆ ಮಾವನೂ ಚೆನ್ನಾಗಿದ್ದಾನೆ, ಅವನ ಬಾಯಿ ಇನ್ನೂ ಚೆನ್ನಾಗಿದೆ.

ನಿನ್ನ ಪ್ರತಿ ಕಾಗದವೂ 'ಆ ಕಂಬ ತೊಲಗಿತಾ?' ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಇಲ್ಲ ಅಮ್ಮಾ, ಇವತ್ತಿನವರೆಗೆ ತೊಲಗಿಲ್ಲ. ಕಾಲೇಜಿನ ಫುಟ್‌ಬಾಲ್ ಕೋಚ್ ಪರ್ಡಮ್ ಈ ವರ್ಷವೆಲ್ಲ ಮೈದಾನದ ಅಂಚಿನಲ್ಲಿ ಎರಡೂ ಕೈ ಕಟ್ಟಿಕೊಂಡು, ನೀನಿಟ್ಟ ಹೆಸರಿಗೆ ತಕ್ಕಂತೆ ನಿಂತೇ ಇದ್ದ. ನಮ್ಮ ಹುಡುಗರು ಸೋಲುತ್ತಲೇ ಇದ್ದರು. ಪ್ರತಿ ಸಲ ಅದೇ ಆಟ. ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಎಡಕ್ಕೆ ಓಡು, ಬೀಳು, ಏಳು, ಮತ್ತೆ ಎಡಕ್ಕೆ ಓಡು. ಚೆಂಡನ್ನು ಮುಂದಕ್ಕೆ ಎಸೆಯುವುದು ಗಂಡಸರ ಆಟವಲ್ಲ ಎಂದು ಆತನ ನಂಬಿಕೆ. 'ನಮ್ಮ ಗಣಿಯ ಕುರುಡು ಹೇಸರಗತ್ತೆಗೂ ಗೊತ್ತು ಕಣೇ, ಚೆಂಡು ಎಡಕ್ಕೇ ಹೋಗುತ್ತೆ ಅಂತ. ಎದುರು ಪಕ್ಷದವರಿಗೆ ಗೊತ್ತಾಗಲ್ವಾ?' ಎಂದು ಮಾವ ಕೂಗಾಡುತ್ತಿದ್ದ. ಕ್ಷೌರದಂಗಡಿಯವನು ಪರ್ಡಮ್ ಬಂದರೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದನಂತೆ, 'ಕನ್ನಡಿ ನೋಡ್ಕೊಳ್ಳೋ ಯೋಗ್ಯತೆ ಗೆದ್ದ ಮೇಲೆ' ಎಂದು. ಇಷ್ಟೆಲ್ಲದರ ನಡುವೆ ನಮ್ಮ ನೆಲ್ಲೊ, ನಮ್ಮ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗ, ಊರಿನಲ್ಲಿ ಎಲ್ಲರಿಗಿಂತ ದೂರ ಎಸೆಯಬಲ್ಲವನು, ಬೆಂಚಿನ ಮೇಲೆ ಕುಳಿತು ಉಳಿದವರಿಗೆ ನೀರು ಕೊಡುತ್ತಿದ್ದ.

ನಿನ್ನ ಆಸೆ ನನಗೆ ಗೊತ್ತು. ಕ್ಷಯದ ಆಸ್ಪತ್ರೆಗೆ ಹೊರಡುವ ದಿನ ಗಾಡಿ ಹತ್ತುತ್ತಾ ನೀನು ಬೇರೇನೂ ಕೇಳಲಿಲ್ಲ. 'ರೇಡಿಯೋದಲ್ಲಿ ಒಂದೇ ಒಂದು ಸಲ ಅವನ ಹೆಸರು ಕೇಳಿಬಿಟ್ರೆ ಸಾಕು' ಎಂದೆ. ಹೋದ ತಿಂಗಳು ಆಟ ಕೇಳುತ್ತಾ 'ಎಸೆಯೋ ಕಂಬಾ!' ಎಂದು ನೀನು ಕಿರುಚಿ, ವಾರ್ಡಿನವರೆಲ್ಲ ಜೊತೆಗೆ ಕಿರುಚಿ, ಆಮೇಲೆ ವಾರ್ಡಿಗೆ ವಾರ್ಡೇ ಕೆಮ್ಮಿ, ದೊಡ್ಡ ನರ್ಸು ಶನಿವಾರದ ರೇಡಿಯೋಗೆ ಬೀಗ ಹಾಕಿದ ಕಥೆಯನ್ನು ನೀನೇ ಬರೆದಿದ್ದೆ. ನಾವು ನಕ್ಕು ಸತ್ತೆವು. ಈಗ ಮಾತ್ರ ನಗು ಬರುತ್ತಿಲ್ಲ. ಯಾಕೆಂದು ಮುಂದೆ ಓದು.

ಕೊನೆಯ ಆಟಕ್ಕೆ ಮುಂಚಿನ ವಾರ ನಮ್ಮೂರಲ್ಲಿ ಸೋತ ಕೋಚಿನ ಹುಲ್ಲಿನ ಬೊಂಬೆ ಮಾಡಿ ಸೇತುವೆಯ ದೀಪದ ಕಂಬಕ್ಕೆ ಕಟ್ಟುತ್ತಾರಲ್ಲ. ಪ್ರತಿ ಓಣಿಯಿಂದ ಒಂದೊಂದು ವಸ್ತು, ಒಬ್ಬರ ಚಡ್ಡಿ, ಒಬ್ಬರ ಟೋಪಿ. ಈ ಸಲ ಬೊಂಬೆ ಹೊಲಿಯುವ ಕೆಲಸ ನಮ್ಮ ಮನೆಗೆ ಬಂತು. 'ಅಕ್ಕ ಇದ್ದಿದ್ರೆ ಅವಳೇ ಹೊಲೀತಿದ್ಲು. ನಿಮ್ಮಮ್ಮನ ಸೂಜಿ ನಿನ್ನ ಕೈಲಿದೆ, ನೀನೇ ಹೊಲಿ' ಎಂದ ಮಾವ. ನಿನ್ನ ಹೆಸರು ಎತ್ತಿದ ಮೇಲೆ ಬಿಡಲಾಗುತ್ತದೆಯೇ? ಮನಸ್ಸಿಟ್ಟು ಹೊಲಿದೆ. ಗೋಣಿಚೀಲಕ್ಕೆ ಆಕ್ರೋಟು ಸಿಪ್ಪೆಯ ಬಣ್ಣ ಹಾಕಿ ಕಂದು ಕೋಟು ಮಾಡಿದೆ, ಕೈಗಳೆರಡನ್ನೂ ಎದೆಯ ಮೇಲೆ ಕಟ್ಟಿ, ಕೋಟು ತೊಡಿಸುವಾಗ ಬಿಚ್ಚುವ ಹಾಗೆ ಗುಂಡಿ ಹಾಕಿದೆ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಒಳಗೊಳಗೇ ಹೆಮ್ಮೆ.

ಅದೇ ವಾರ ಪರ್ಡಮ್‌ನ ಹೆಂಡತಿ, ನಿನ್ನ ಹಳೆಯ ಗಿರಾಕಿ, ಗಂಡನ ಕಂದು ಕೋಟನ್ನು ದುರಸ್ತಿಗೆ ಕೊಟ್ಟು ಹೋಗಿದ್ದರು. ಕಂಕುಳ ಹತ್ತಿರ ಹರಿದಿತ್ತು. ಕೈಯನ್ನೇ ಎತ್ತದ ಮನುಷ್ಯನ ಕಂಕುಳು ಹೇಗೆ ಹರಿಯಿತೋ! ಅದನ್ನೂ ಹೊಲಿದು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದೆ. ಗೋಣಿಯ ಕೋಟು ಕುರ್ಚಿಯ ಮೇಲಿತ್ತು. ನಾನು ನೀರಿಗೆ ಹೋಗಿದ್ದಾಗ ಮಾವ ಬಂದು, ಬೊಂಬೆಯನ್ನು ಹೆಗಲಿಗೆ ಹಾಕಿಕೊಂಡು, ಗೂಟದ ಮೇಲಿನ ಕೋಟನ್ನು ಎಳೆದುಕೊಂಡು ಹೋಗಿಬಿಟ್ಟಿದ್ದಾನೆ! ಸೇತುವೆಯ ಹತ್ತಿರ ಜನ ಚಪ್ಪಾಳೆ ತಟ್ಟಿದರಂತೆ, 'ಆಹಾ, ತದ್ರೂಪು! ಕೋಟು ಸಮೇತ ಅವನೇ!' ಎಂದು. ನನಗೆ ನಾಚಿಕೆ, ನಾನು ನೋಡಲು ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಕುರ್ಚಿಯ ಮೇಲೆ ಗೋಣಿಯ ಕೋಟು ಕಂಡಾಗಲೇ ನನಗೆ ಎಡವಟ್ಟು ಗೊತ್ತಾಗಿದ್ದು. ಸೇತುವೆಗೆ ಓಡೋಣವೆಂದು ಬಾಗಿಲು ತೆಗೆದರೆ ಎದುರಿಗೆ ಪರ್ಡಮ್. ಆ ಚಳಿಯಲ್ಲಿ ಬರೀ ಅಂಗಿ, ಅದರ ಮೇಲೊಂದು ಸ್ವೆಟರು. 'ನನ್ನ ಕೋಟು ಹೊಲಿಗೆಗೆ ಕೊಟ್ಟಿದ್ವಿ. ಅದು ದೀಪದ ಕಂಬದ ಮೇಲಿದೆ' ಎಂದ. ಜೋರು ಮಾಡಲಿಲ್ಲ, ಹಾಗೇ ಹೇಳಿದ. ನಾನು ಬಾಗಿಲ ಮರೆಗೆ ಸರಿದು, ತಪ್ಪಾಯಿತು, ಈಗಲೇ ಇಳಿಸಿ ತಂದುಕೊಡುತ್ತೇನೆ ಎಂದೆ. 'ಕಂಕುಳ ಹೊಲಿಗೆ ಗಟ್ಟಿ ಇದೆ. ಅಷ್ಟು ಗಾಳಿಗೂ ಬಿಟ್ಟಿಲ್ಲ' ಎಂದು ತಿರುಗಿ ಹೊರಟ. ನಿನ್ನ ಮಗಳು ಅಪರಿಚಿತರ ಮುಂದೆ ತನ್ನ ಹೆಸರು ಹೇಳಲೂ ತಡವರಿಸುವವಳು. ಅವತ್ತು ಏನಾಯಿತೋ ಕಾಣೆ, ಆತನ ಬೆನ್ನಿಗೆ ಹೇಳಿಬಿಟ್ಟೆ, 'ಚೆಂಡು ಎಸೆಯೋಕೆ ಹೇಳಿ ಸರ್.'

ಆತ ನಿಂತ. 'ಯಾರು ಎಸೀತಾರೆ?'

'ನಮ್ಮ ನೆಲ್ಲೊ.'

'ನಿಮ್ಮ ನೆಲ್ಲೊ ಕಲ್ಲು ಎಸೆದಂಗೆ ಎಸೀತಾನೆ ಕಣಮ್ಮಾ. ನಮ್ಮ ಹುಡುಗರ ಕೈಲಿ ಅದನ್ನ ಹಿಡಿಯೋಕಾಗಲ್ಲ.'

'ನಾನು ಹಿಡಿದಿದೀನಿ. ಎಂಟು ವರ್ಷದವಳಿದ್ದಾಗಿಂದ ಹಿಡಿದಿದೀನಿ. ಲಂಗ ಹಾಕ್ಕೊಂಡು ನಾನು ಹಿಡಿದ್ರೆ, ಚಡ್ಡಿ ಹಾಕ್ಕೊಂಡು ಅವರು ಹಿಡಿಯಲ್ವಾ? ನಮ್ಮಮ್ಮ ಅಲ್ಲಿ ಆಸ್ಪತ್ರೆಲಿ ಅವನ ಹೆಸರು ಕೇಳ್ಬೇಕು ಅಂತ ಕಾಯ್ತಿದಾರೆ ಸರ್. ನೀವು ಎಡಕ್ಕೇ ಓಡಿಸ್ತಿದೀರಿ.'

ಅಮ್ಮಾ, ಆಣೆಗೂ ಇಷ್ಟನ್ನೂ ನಾನೇ ಹೇಳಿದೆ. ಆತ ಸ್ವೆಟರನ್ನು ಕೆಳಗೆಳೆದುಕೊಂಡು ಹೋದ. ನಾನು ಬಾಗಿಲು ಹಾಕಿಕೊಂಡು ಅತ್ತೆ. ನೆಲ್ಲೊ ಬಂದು ಕೇಳಿ ತಲೆಯ ಮೇಲೆ ಕೈ ಹೊತ್ತು ಕುಳಿತ. 'ಮುಗೀತು ಬಿಡಕ್ಕಾ. ಬೆಂಚಾದ್ರೂ ಇತ್ತು, ಅದನ್ನೂ ಕಿತ್ಕೊಂಡೆ.' ನೀನು ನೆಚ್ಚಿಕೊಂಡಿದ್ದ ಒಂದೇ ಒಂದು ಆಸೆಯನ್ನು ನನ್ನ ಬಾಯಿಯೇ ಕೆಡಿಸಿತೇನೋ ಎಂದು ಶನಿವಾರದವರೆಗೆ ನನಗೆ ಊಟ ಸೇರಲಿಲ್ಲ. ಮಾವ ಕಂಬ ಹತ್ತಿ ಕೋಟು ಬಿಚ್ಚಿ ತಂದ, ಬೊಂಬೆ ಚಳಿಗೆ ಸಾಯಬಾರದೆಂದು ಅದಕ್ಕೆ ಗೋಣಿಯದನ್ನು ತೊಡಿಸಿ ಬಂದ. ಕೋಟನ್ನು ಬ್ರಷ್ ಮಾಡಿ, ಅಂದು ಬೇಯಿಸಿದ, ಒಳಗೆ ಖಾರದ ಮಾಂಸ ತುಂಬಿದ ಪೆಪರೋನಿ ರೋಲ್‌ಗಳ ಜೊತೆ ಅವನ ಕೈಯಲ್ಲೇ ಕಳಿಸಿದೆ.

ಶನಿವಾರ ಊರಿಗೆ ಊರೇ ಮೈದಾನದಲ್ಲಿತ್ತು. ಗೆಲ್ಲುತ್ತೇವೆಂದು ಅಲ್ಲ, ಬೈಯುವುದಕ್ಕೆ ಅದೇ ಕೊನೆಯ ಅವಕಾಶವೆಂದು. ಪರ್ಡಮ್ ಅದೇ ಕಂದು ಕೋಟು ತೊಟ್ಟು ಬಂದ. ಕಾಲರಿನಲ್ಲಿ ಒಂದು ಹುಲ್ಲುಕಡ್ಡಿ ಹಾಗೇ ಸಿಕ್ಕಿಕೊಂಡಿತ್ತು! ಎಷ್ಟು ಬ್ರಷ್ ಮಾಡಿದರೂ ನನಗೆ ಅದು ಕಂಡಿರಲಿಲ್ಲ. ಜನರಿಗೆ ಕಂಡಿತು. 'ಏಯ್, ಬೊಂಬೆ ಇಳಿದು ಬಂತು ಕಣ್ರೋ!' ಎಂದು ಮಾವ ಕೂಗಿದ್ದಕ್ಕೆ ಎದುರೂರಿನವರೂ ನಕ್ಕರು. ಆಟ ಮಾತ್ರ ಅದೇ. ಎಡಕ್ಕೆ, ಎಡಕ್ಕೆ, ಎಡಕ್ಕೆ. ಆಟದ ನಾಲ್ಕು ಭಾಗದಲ್ಲಿ ಮೂರು ಮುಗಿಯುವ ಹೊತ್ತಿಗೆ ಅವರದು ಇಪ್ಪತ್ತೇಳು, ನಮ್ಮದು ಸೊನ್ನೆ. 'ಎಸಿ, ಕಂಬಾ, ಎಸಿ!' ಎಂದು ಇಡೀ ಮೈದಾನ ಒಂದೇ ಗಂಟಲಾಗಿ ಕೂಗತೊಡಗಿತು. ನಿನ್ನದೇ ಕೂಗು ಅಮ್ಮಾ, ನೀನು ಹುಟ್ಟಿಸಿದ್ದು. ಪಾದ್ರಿಗಳೂ ಕೂಗುತ್ತಿದ್ದರು, ನಾನು ಕಣ್ಣಾರೆ ಕಂಡೆ.

ಆಗ ಪರ್ಡಮ್ ಕಟ್ಟಿದ ಕೈ ಬಿಚ್ಚಿ ಬೆಂಚಿನ ಕಡೆ ಬೆರಳು ತೋರಿಸಿದ. ನೆಲ್ಲೊ ಎದ್ದ. ಮೊದಲನೆಯ ಎಸೆತ ಹಾಯ್ಟ್ ಎಂಬ ಉದ್ದನೆಯ ಹುಡುಗನ ಎದೆಗೆ ಗುದ್ದಿ ಕೆಳಗೆ ಬಿತ್ತು. ಎರಡನೆಯದು ಎದುರು ಪಕ್ಷದವನ ಕೈಗೇ ಹೋಯಿತು. 'ಎಸೆಯೋದು ಕಲಿತ್ವಿ, ಯಾರಿಗೆ ಅಂತ ಇನ್ನೂ ಕಲೀಬೇಕು' ಎಂದು ಹಿಂದಿನ ಸಾಲಿನವನೊಬ್ಬ ಅಂದದ್ದಕ್ಕೆ ಮಾವ ಹೊಡೆಯಲು ಎದ್ದ, ಅಪ್ಪ ಹಿಡಿದು ಕೂರಿಸಿದರು. ಪರ್ಡಮ್ ಇವನನ್ನು ಹೊರಗೆ ಕರೆಯುತ್ತಾನೆಂದೇ ನಾನು ಕಣ್ಣು ಮುಚ್ಚಿದ್ದೆ. ಕರೆಯಲಿಲ್ಲ. ನಮಗೆ ಮತ್ತೆ ಚೆಂಡು ಸಿಕ್ಕಿತು. ನೆಲ್ಲೊ ಹಿಂದಕ್ಕೆ ಹಿಂದಕ್ಕೆ ಸರಿದು, ನಮ್ಮ ಓಣಿಯಲ್ಲಿ ಬಟ್ಟೆ ಒಣಗುವ ಹಗ್ಗಗಳ ಮೇಲಿಂದ ನನಗೆ ಎಸೆಯುತ್ತಿದ್ದನಲ್ಲ, ಥೇಟ್ ಹಾಗೆ ಎಸೆದ. ಚೆಂಡು ಎಲ್ಲರ ತಲೆಯ ಮೇಲೆ ಹಾದು ಹೋಗುತ್ತಲೇ ಇತ್ತು. ಹಾಯ್ಟ್ ಓಡುತ್ತಲೇ ಅದನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ತೆಗೆದುಕೊಂಡು ಕೊನೆಯ ಗೆರೆ ದಾಟಿದ.

ಅಮ್ಮಾ, ಆ ಸದ್ದು ನಿನಗೆ ಅಲ್ಲಿಯವರೆಗೂ ಕೇಳಿಸಬೇಕಿತ್ತು. ಅಪ್ಪ ಎದ್ದು ನಿಂತು ಟೋಪಿ ತೆಗೆದರು, ಪೂಜೆಯ ಹೊತ್ತಿಗೆ ಇಗರ್ಜಿಯಲ್ಲಿ ತೆಗೆಯುವ ಹಾಗೆ. ಗೆರೆ ದಾಟಿದ್ದಕ್ಕೆ ಆರು ಅಂಕ, ಆಟ ಮುಗಿದಾಗ ಇಪ್ಪತ್ತೇಳು, ಆರು. ಸೋತೆವು. ಬೀದಿಯ ತುಂಬ ಮಾತ್ರ ಗೆದ್ದವರ ಹಾಗೆ ಹಾಡಿಕೊಂಡು ಬಂದೆವು. 'ಸೋತ್ರೇನು, ಎಸೆದು ಸೋತ್ವಿ!' ಎಂದು ಮಾವ ಸೇತುವೆಯ ಮೇಲೆ ಕುಣಿದ. ರೇಡಿಯೋದವನು ನೆಲ್ಲೊ ಬಾರ್ತೊಲೆಲ್ಲಿ, ನೆಲ್ಲೊ ಬಾರ್ತೊಲೆಲ್ಲಿ ಎಂದು ಮತ್ತೆ ಮತ್ತೆ ಹೇಳಿದನಂತೆ. ಅಪ್ಪನ ಮನೆತನದ ಹೆಸರು, ಅಮ್ಮಾ, ಇಷ್ಟು ದಿನ ಗಣಿಯ ಹಾಜರಿಯಲ್ಲಿ ಮಾತ್ರ ಕೂಗುತ್ತಿದ್ದ ಹೆಸರು. ಕೇಳಬೇಕಾದವಳು ಒಬ್ಬಳು ಬೀಗ ಹಾಕಿದ ರೇಡಿಯೋದ ಪಕ್ಕ ಮಲಗಿದ್ದಳು. ನಗು ಬರುತ್ತಿಲ್ಲ ಎಂದದ್ದು ಅದಕ್ಕೇ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಕಾಲೇಜಿನ ಹಿರಿಯರು ಸಭೆ ಸೇರುತ್ತಾರಂತೆ, ಪರ್ಡಮ್ ಹೋಗುವುದು ಖಂಡಿತ ಎನ್ನುತ್ತಾರೆ. ಹೋದರೆ ನಾನು ಅಳುವುದಿಲ್ಲ. ಒಂದು ಎಸೆತಕ್ಕಾಗಿ ಇಡೀ ವರ್ಷ ಬಾಯಿ ನೋಯಿಸಿಕೊಂಡವರು ನಾವು, ಅಷ್ಟು ಬೇಗ ಮರೆಯುವವರಲ್ಲ. ಆದರೂ ಒಂದು ಮಾತು ಹೇಳಬೇಕು. ಆಟ ಮುಗಿದು ಎಲ್ಲರೂ ಹೊರಟಾಗ ಆತ ಆ ಚೆಂಡನ್ನು ನೆಲ್ಲೊನ ಕೈಗಿಟ್ಟು, 'ನಿಮ್ಮಮ್ಮನಿಗೆ ಕೊಡು' ಎಂದನಂತೆ. ಮತ್ತೆ ಕೈ ಕಟ್ಟಿಕೊಂಡು ನಡೆದನಂತೆ, ಕಾಲರಿನಲ್ಲಿ ಹುಲ್ಲುಕಡ್ಡಿಯ ಸಮೇತ.

ನಾಳೆ ಹಬ್ಬಕ್ಕೆ ಟರ್ಕಿ ಕೋಳಿ ಮಾವನ ಪಾಲು, ರವಿಯೋಲಿ ಕಡುಬು ನನ್ನ ಪಾಲು. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ. ಅಪ್ಪ ನಿನ್ನನ್ನು ತುಂಬ ಕೇಳಿದರೆಂದು ಬರೆಯಲು ಹೇಳಿದರು, ಹೇಳುವಾಗ ಒಲೆಯ ಕಡೆ ತಿರುಗಿಕೊಂಡಿದ್ದರು. ಮಾತೆ ಮರಿಯಳು ನಿನ್ನ ಎದೆಯನ್ನು ಹಗುರ ಮಾಡಲಿ.

ನಿನ್ನ ಮಗಳು,
ಇಲ್ಡಾ

ಮರೆತ ಮಾತು: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಭಾನುವಾರ ನಾನೂ ನೆಲ್ಲೊನೂ ಬರುತ್ತಿದ್ದೇವೆ. ಒಳಗೆ ಬಿಡುವುದಿಲ್ಲ, ಗೊತ್ತು. ಕೆಳಗೆ ಹುಲ್ಲಿನ ಮೇಲೆ ನಿಲ್ಲುತ್ತೇವೆ, ಆ ಚೆಂಡನ್ನು ಅವನು ಅಲ್ಲಿಂದಲೇ ನಿನಗೆ ಎಸೆಯುತ್ತಾನೆ. ದೊಡ್ಡ ನರ್ಸು ಒಪ್ಪಿಯಾಗಿದೆ. ಒಮ್ಮೆ ನಿನ್ನ ಕೈ ಮುಟ್ಟಿದ ಚೆಂಡು ಹೊರಗೆ ಬರುವ ಹಾಗಿಲ್ಲವಂತೆ, ಅದು ನಿನಗೇ ಇರಲಿ. ಮಧ್ಯಾಹ್ನದ ವಿಶ್ರಾಂತಿ ಮುಗಿಯುತ್ತಲೇ ಹಾಸಿಗೆಯನ್ನು ಬಾಲ್ಕನಿಯ ಕಂಬಿಯ ಹತ್ತಿರ ತಳ್ಳಿಸಿಕೋ. ಏಳಬೇಡ, ಕೂಗಬೇಡ, ಕೂತಲ್ಲೇ ಎರಡು ಕೈ ಚಾಚು. ಅವನ ಹೆಸರನ್ನು ಕೆಳಗಿನಿಂದ ನಾನು ಕೂಗುತ್ತೇನೆ, ರೇಡಿಯೋದವನಿಗಿಂತ ಜೋರಾಗಿ. ಮೆಲ್ಲಗೆ ಎಸೆಯುವುದನ್ನು ಅವನಿಗೆ ಕಲಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ನಾನು ಮಹಡಿಯ ಕಿಟಕಿಯಲ್ಲಿ ನಿನ್ನ ಹಾಗೆ ಕಂಬಳಿ ಹೊದ್ದು ಕುಳಿತು ಹಿಡಿದು ನೋಡಿದೆ. ಮಡಿಲಿಗೆ ರೊಟ್ಟಿ ಬಿದ್ದ ಹಾಗೆ ಬಂತು.