ಹಕ್ಕಿಯ ಚಪ್ಪರದಲ್ಲಿ ನೀಲಿ ಕಲ್ಲು

ಮಲಂಬಿಂಬಿ, ಗುರುವಾರ

ಡೆಸ್ಮಂಡ್ ಅವರೇ,

ಶನಿವಾರ ಹುಲ್ಲು ಕತ್ತರಿಸಲು ಬಂದಾಗ ಹಿತ್ತಲ ಪೊದೆಯ ಹತ್ತಿರ ಮೆಷಿನ್ ತರಬೇಡಿ. ಅಲ್ಲಿ ಗಂಡು ಹಕ್ಕಿಯೊಂದು ಹೆಣ್ಣನ್ನು ಒಲಿಸಲು ಕಡ್ಡಿಗಳ ಚಪ್ಪರ ಕಟ್ಟಿ, ನೀಲಿ ಮುಚ್ಚಳ, ನೀಲಿ ಕ್ಲಿಪ್ಪುಗಳಿಂದ ಸಿಂಗರಿಸಿದೆ. ನಡುವೆ ಇರುವುದು ನನ್ನ ಮಗಳು ಟೆಗನ್ ಕೊನೆಯುಸಿರಿನವರೆಗೂ ಮುಷ್ಟಿಯಲ್ಲಿ ಹಿಡಿದಿದ್ದ ನೀಲಿ ಸ್ಫಟಿಕ. ಹುಣ್ಣಿಮೆಯ ಬೆಳಕು ಕುಡಿದು ಶಕ್ತಿ ತುಂಬಿಕೊಳ್ಳಲೆಂದು ಅದನ್ನು ಜಗಲಿಯಲ್ಲಿಟ್ಟಿದ್ದೆ. ಬೆಳಗಾಗುತ್ತಲೇ ಹಕ್ಕಿ ಕದ್ದೊಯ್ದಿದೆ.

"ಧ್ಯಾನಕ್ಕೆ ಬಂದೋರ ಕೈಗೆ ಕಲ್ಲು ಕೊಟ್ಟು, ಎಲ್ಲಾ ಬಿಟ್ಬಿಡಿ ಅಂತೀಯಲ್ಲ ಬ್ರೋನ್, ನೀನೇನ್ ಬಿಟ್ಟಿದ್ದೀಯಾ?" ಎಂದು ನೀವೊಮ್ಮೆ ಛೇಡಿಸಿದ್ದಿರಿ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಿನ್ನೆ ಕಲ್ಲನ್ನು ಕಿತ್ತುಕೊಳ್ಳಲೆಂದೇ ಹೋದೆ. ಹಕ್ಕಿ ಅದನ್ನು ಕೊಕ್ಕಿನಲ್ಲಿ ಹಿಡಿದು, ಚಪ್ಪರದೊಳಗೆ ಬಂದು ನಿಂತ ಹೆಣ್ಣಿನೆದುರು ಕುಣಿಯುತ್ತಿತ್ತು. ಬರಿಗೈಯಲ್ಲಿ ಹಿಂದಿರುಗಿದೆ.

ಹುಲ್ಲು ಬೆಳೆದರೆ ಬೆಳೆಯಲಿ. ಎಂದಾದರೂ ಆ ಕಲ್ಲು ನಿಮಗೆ ಸಿಕ್ಕರೆ, ನನಗೆ ತಂದುಕೊಡಬೇಡಿ.

ಇಂತಿ,
ಬ್ರೋನ್ವಿನ್