ನವನೀತನ ಮನೆಯಲ್ಲಿ ಬಾಯಿಗೆ ಬಂದದ್ದು

ಫೆಬ್ರವರಿ 13, ಗುರುವಾರ

ನಾಳೆ ಫುಟ್‌ಬಾಲ್ ಫೈನಲ್. ನವನೀತನನ್ನು ಆಡಿಸುವುದಿಲ್ಲ ಎಂದು ಬೆಳಿಗ್ಗೆಯೇ ತೀರ್ಮಾನಿಸಿದ್ದೆ. ಕ್ಯಾಪ್ಟನ್ ಆದರೇನು, ಮಂಡಿ ಹೋಗಿದೆ. ಹಿಂದಿನ ಮೂರು ಪಂದ್ಯಗಳಲ್ಲಿ ಎಪ್ಪತ್ತನೇ ನಿಮಿಷದ ನಂತರ ಅವನು ಚೆಂಡು ಮುಟ್ಟಿದ್ದು ಎರಡೇ ಸಲ. ಎಣಿಸಿದ್ದೇನೆ. ಊರಲ್ಲೂ ಇಲ್ಲಿ ಬಹ್ರೇನಿನಲ್ಲೂ ಸೇರಿ ಹನ್ನೆರಡು ವರ್ಷ ಆಡಿ ನಾನು ಗೆದ್ದದ್ದು ಒಂದು ಕಪ್. ಮ್ಯಾನೇಜರ್ ಆಗಿ ಐದು ವರ್ಷಕ್ಕೆ ನಾಲ್ಕು. ಎಣಿಸಿದ್ದರಿಂದಲೇ ಗೆದ್ದೆ.

ಹಿಂದೆ ನನ್ನನ್ನು ತಂಡದಿಂದ ಕೈಬಿಟ್ಟಾಗ ಗೋಡೆಗೆ ಅಂಟಿಸಿದ ಚೀಟಿ ನೋಡಿ ತಿಳಿಯಬೇಕಾಯಿತು. ನಾನು ಹಾಗೆ ಮಾಡುವವನಲ್ಲ ಎಂದುಕೊಂಡು ಸಂಜೆ ಸೆಗಯಾದ ಅವನ ಫ್ಲ್ಯಾಟಿಗೇ ಹೋದೆ. ಅರ್ಧ ಗಂಟೆ ಗಾಳಿ, ಟ್ರಾಫಿಕ್ಕು ಎಂದು ಮಾತಾಡಿದೆ.

“ನೀವು ಸುಮ್ಮನೆ ಬರುವ ಜನ ಅಲ್ಲ ಮಾರಾಯ್ರೆ,” ಎಂದ ನವನೀತ. “ಎಂತ, ನನ್ನನ್ನು ಬೆಂಚಿಗೆ ಹಾಕ್ಲಿಕ್ಕೆ ಬಂದದ್ದಾ?”

ಚಹಾ ತರುತ್ತಿದ್ದ ಅವನ ಹೆಂಡತಿ ನಿಶ್ಮಿತಾ ಬಾಗಿಲಲ್ಲೇ ನಿಂತಳು.

“ನಿಂಗೆ ಮರ್ಲಾ ಮಾರಾಯ, ತಲೆ ಸರಿ ಉಂಟಾ? ನೀನಿಲ್ಲದೆ ಎಂತ ಟೀಮು?”

ಹೇಳಿದ್ದು ಈ ಬಾಯಿಯೇ.

ಅವನ ಜಾಗಕ್ಕೆ ಡ್ಯಾರೆನ್‌ಗೆ ಮಧ್ಯಾಹ್ನವೇ ಮಾತು ಕೊಟ್ಟಾಗಿದೆ. ಹನ್ನೊಂದು ಆಟಗಾರರ ಪಟ್ಟಿಯನ್ನು ಮೂರು ಸಲ ಬರೆದೆ; ಮೂರು ಸಲವೂ ಹನ್ನೆರಡು ಹೆಸರು. ನಾಳೆ ನಾಲ್ಕು ಗಂಟೆಯೊಳಗೆ ಇಬ್ಬರಲ್ಲಿ ಒಬ್ಬನ ಬಾಗಿಲು ತಟ್ಟಲೇಬೇಕು, ಒಳಗೆ ಕೂತು ಚಹಾ ಕುಡಿಯಬಾರದು, ನಿಂತಲ್ಲೇ ಹೇಳಿಬಿಡಬೇಕು.